ಯಾರ ಭದ್ರತೆ, ಯಾವುದರ ದೆಸೆಯಿಂದ: ವಿಶ್ವ ರಾಜಕಾರಣದ ಒಂದು ಪದವನ್ನು ಬಿಡಿಸಿ ಓದುವ ಕ್ರಮ

ದಿನಪತ್ರಿಕೆಯ ಒಂದೇ ಸಂಚಿಕೆಯಲ್ಲಿ ‘ಭದ್ರತೆ’ ಎಂಬ ಪದ ಎಷ್ಟು ಕಡೆ ಬರುತ್ತದೆಂದು ಒಮ್ಮೆ ಪೆನ್ಸಿಲ್ ಹಿಡಿದು ಗುರುತು ಹಾಕುತ್ತಾ ಹೋಗಿ. ಮುಖಪುಟದಲ್ಲಿ ಗಡಿ ಭದ್ರತಾ ಪಡೆ ಇರುತ್ತದೆ, ವಿದೇಶದ ಪುಟದಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ, ಪಡಿತರದ ಸುದ್ದಿಯಲ್ಲಿ ಆಹಾರ ಭದ್ರತಾ ಕಾಯ್ದೆ, ವಾಣಿಜ್ಯ ಪುಟದಲ್ಲಿ ಇಂಧನ ಭದ್ರತೆ, ಅಸಂಘಟಿತ ಕಾರ್ಮಿಕರ ಬೇಡಿಕೆಗಳಲ್ಲಿ ಸಾಮಾಜಿಕ ಭದ್ರತೆ. ಪದ ಒಂದೇ, ಆದರೆ ಅದು ಕಾಯುತ್ತೇನೆಂದು ಹೇಳುವ ವಸ್ತು ಪ್ರತಿ ಪುಟದಲ್ಲೂ ಬೇರೆ. ಹೀಗಿದ್ದರೂ ‘ದೇಶದ ಭದ್ರತೆಯ ದೃಷ್ಟಿಯಿಂದ’ ಎಂದು ಒಂದು ವಾಕ್ಯ ಆರಂಭವಾದರೆ ಸಾಕು, ಅದರ ಮುಂದೆ ಬರುವ ಮಾತು ಏನೇ ಇರಲಿ, ಅದನ್ನು ಪ್ರಶ್ನಿಸುವ ಧೈರ್ಯ ನಮ್ಮಲ್ಲಿ ಅರ್ಧ ಕುಗ್ಗಿರುತ್ತದೆ.

ಅಂತಹ ವಾಕ್ಯಗಳನ್ನು ಬಿಡಿಸಿ ಓದುವ ಒಂದು ಕ್ರಮವನ್ನು ಇಲ್ಲಿ ವಿವರಿಸುತ್ತಿದ್ದೇನೆ. ರಾಜ್ಯಶಾಸ್ತ್ರ ಓದುವವರಿಗೆ, ವಿದೇಶ ಸುದ್ದಿಯನ್ನು ಕನ್ನಡಕ್ಕೆ ತರುವ ಪತ್ರಕರ್ತರಿಗೆ, ಸ್ಪರ್ಧಾತ್ಮಕ ಪರೀಕ್ಷೆಗೆ ಪ್ರಬಂಧ ಬರೆಯುವವರಿಗೆ ಇದು ಉಪಯೋಗಕ್ಕೆ ಬರುತ್ತದೆ ಎಂದು ನಂಬಿದ್ದೇನೆ. ಇದಕ್ಕೆ ಬೇಕಾದ ಸಾಧನ ಶಾಲೆಯ ವ್ಯಾಕರಣದಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ವಿಭಕ್ತಿಗಳು ಮಾತ್ರ. ‘ದೂರ’ ಎಂಬ ಪದಕ್ಕೆ ಎಲ್ಲಿಂದ, ಎಲ್ಲಿಗೆ ಎಂಬುದು ಸೇರದೆ ಅರ್ಥ ಪೂರ್ಣವಾಗುವುದಿಲ್ಲ. ಹಾಗೆಯೇ ‘ಭದ್ರತೆ’ಯೂ ತನ್ನಷ್ಟಕ್ಕೆ ಪೂರ್ಣವಾದ ಪದವಲ್ಲ. ಯಾರ ಭದ್ರತೆ, ಯಾವುದರ ದೆಸೆಯಿಂದ ಬರುವ ಅಪಾಯಕ್ಕೆ ಎದುರಾಗಿ, ಯಾವ ಸಾಧನದಿಂದ, ಯಾರು ಹೇಳಿದ ಮೇಲೆ, ಯಾರಿಗೆ ಹೊರೆಯಾಗಿ ಎಂಬ ಐದು ಸ್ಥಾನಗಳು ಅದರ ಸುತ್ತ ಖಾಲಿ ಇರುತ್ತವೆ. ಆ ಸ್ಥಾನಗಳನ್ನು ತುಂಬದೆ ವಾಕ್ಯವನ್ನು ಒಪ್ಪಬಾರದು, ತಿರಸ್ಕರಿಸಲೂಬಾರದು. ಕ್ರಮದ ತಿರುಳು ಇಷ್ಟೇ.

ಆರಂಭಿಸುವ ಮೊದಲು

ಮನಸ್ಸಿನಲ್ಲಿ ಒಂದು ತಿದ್ದುಪಡಿ ಮಾಡಿಕೊಳ್ಳಬೇಕು. ಭದ್ರತೆ ಎಂದರೆ ಸೇನೆ, ಗಡಿ, ಗುಪ್ತಚರ ವ್ಯವಸ್ಥೆ ಎಂಬ ಅರ್ಥ ಅನಾದಿಯಿಂದ ಬಂದದ್ದೆಂದು ನಮಗೆ ತೋರುತ್ತದೆ. ಆದರೆ ಇಂದಿನ ಜಾಗತಿಕ ಬಳಕೆಯನ್ನು ಬಹುಮಟ್ಟಿಗೆ ರೂಪಿಸಿದ ಅಮೆರಿಕದಲ್ಲಿಯೇ 1935ರಲ್ಲಿ ಈ ಪದ ಒಂದು ದೊಡ್ಡ ಕಾಯ್ದೆಯ ಹೆಸರಿನಲ್ಲಿ ಸೇರಿದಾಗ ಅದರ ಅರ್ಥ ವೃದ್ಧರಿಗೆ ಪಿಂಚಣಿ, ಕೆಲಸ ಕಳೆದುಕೊಂಡವರಿಗೆ ನೆರವು ಎಂದಾಗಿತ್ತು. ಆಗ ಆರ್ಥಿಕ ಮಹಾಕುಸಿತದ ಕಾಲ. ಜನ ಹೆದರಿದ್ದು ಹಸಿವಿಗೆ, ಮುಪ್ಪಿಗೆ, ನಿರುದ್ಯೋಗಕ್ಕೆ. ಹನ್ನೆರಡೇ ವರ್ಷಗಳ ನಂತರ, 1947ರಲ್ಲಿ, ಅದೇ ದೇಶ ಅಂಗೀಕರಿಸಿದ ರಾಷ್ಟ್ರೀಯ ಭದ್ರತಾ ಕಾಯ್ದೆಯಿಂದ ರಾಷ್ಟ್ರೀಯ ಭದ್ರತಾ ಮಂಡಳಿ ಮತ್ತು ಸಿಐಎ ಹುಟ್ಟಿದವು. ಶೀತಲ ಸಮರದ ನಾಲ್ಕು ದಶಕಗಳಲ್ಲಿ ಆ ಎರಡನೆಯ ಅರ್ಥ ಎಷ್ಟು ಆಳವಾಗಿ ಬೇರೂರಿತೆಂದರೆ ಮೊದಲನೆಯ ಅರ್ಥಕ್ಕೆ ‘ಸಾಮಾಜಿಕ’ ಎಂಬ ವಿಶೇಷಣವಿಲ್ಲದೆ ನಿಲ್ಲಲಾಗದ ಸ್ಥಿತಿ ಬಂತು.

1952ರಲ್ಲಿಯೇ ಆರ್ನಾಲ್ಡ್ ವೋಲ್ಫರ್ಸ್ ಎಂಬ ವಿದ್ವಾಂಸರು ರಾಷ್ಟ್ರೀಯ ಭದ್ರತೆ ಒಂದು ಸಂದಿಗ್ಧ ಸಂಕೇತವೆಂದು ಎಚ್ಚರಿಸಿದ್ದರು. ವಸ್ತುಸ್ಥಿತಿಯಲ್ಲಿ ಭದ್ರತೆ ಎಂದರೆ ನಾವು ಗಳಿಸಿಕೊಂಡ ಮೌಲ್ಯಗಳಿಗೆ ಅಪಾಯವಿಲ್ಲದಿರುವುದು, ಮನಸ್ಸಿನ ಮಟ್ಟದಲ್ಲಿ ಅವುಗಳಿಗೆ ಅಪಾಯ ಬಂದೀತೆಂಬ ಭಯವಿಲ್ಲದಿರುವುದು ಎಂದು ಅವರು ಎರಡನ್ನು ಬೇರ್ಪಡಿಸಿದರು. ಅಪಾಯವಿದ್ದೂ ಭಯವಿಲ್ಲದಿರಬಹುದು, ಅಪಾಯವಿಲ್ಲದೆಯೂ ಭಯವಿರಬಹುದು. ಈ ಭೇದವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಕನ್ನಡದಲ್ಲಿ ಬರೆಯುವವರು ಇನ್ನೊಂದು ತೊಡಕನ್ನೂ ಮೊದಲೇ ನಿವಾರಿಸಿಕೊಳ್ಳಬೇಕು. ನಮ್ಮಲ್ಲಿ ‘ರಾಜ್ಯ’ ಎಂದರೆ ಕರ್ನಾಟಕವೂ ಹೌದು, ರಾಜ್ಯಶಾಸ್ತ್ರದ ಪರಿಭಾಷೆಯಲ್ಲಿ ಆಳುವ ವ್ಯವಸ್ಥೆಯೂ ಹೌದು. ‘ರಾಷ್ಟ್ರ’ ಎಂದರೆ ಒಮ್ಮೆ ಜನಸಮುದಾಯ, ಇನ್ನೊಮ್ಮೆ ಸರ್ಕಾರ. ಆಳುವ ವ್ಯವಸ್ಥೆಯನ್ನು ಹೇಳುವಾಗ ‘ಪ್ರಭುತ್ವ’ ಎಂದೇ ಬರೆಯುವುದು ಲೇಸು. ರಾಷ್ಟ್ರೀಯ ಭದ್ರತೆ ಎಂದು ಬಂದ ಕಡೆಯಲ್ಲೆಲ್ಲ ಪ್ರಭುತ್ವದ ಭದ್ರತೆ ಎಂದು ಬದಲಾಯಿಸಿ ಓದಿದಾಗ ಅರ್ಧದಷ್ಟು ವಾಕ್ಯಗಳ ನಿಜವಾದ ಅರ್ಥ ತಾನಾಗಿ ಹೊರಬರುತ್ತದೆ.

ಷಷ್ಠಿ: ಯಾರ ಭದ್ರತೆ?

ಮೊದಲ ಪ್ರಶ್ನೆ ಇದೇ ಆಗಿರಬೇಕು, ಮತ್ತು ಹೆಚ್ಚಿನ ಸಮಯವನ್ನು ಇದಕ್ಕೇ ಮೀಸಲಿಡಬೇಕು. ಪ್ರಭುತ್ವ ಸುರಕ್ಷಿತವಾಗಿದ್ದರೆ ಅದರೊಳಗಿನ ಜನರೂ ಸುರಕ್ಷಿತರು ಎಂಬ ಊಹೆ ಹಳೆಯ ಚಿಂತನೆಯ ಅಡಿಗಲ್ಲು. ಅದು ಎಷ್ಟರ ಮಟ್ಟಿಗೆ ನಿಜವೆಂದು ಪರೀಕ್ಷಿಸಲು ನಾನು ಯಾವಾಗಲೂ 1942ರ ಬಂಗಾಳವನ್ನು ಉದಾಹರಿಸುತ್ತೇನೆ.

ಆ ವರ್ಷದ ಮಾರ್ಚ್‌ನಲ್ಲಿ ರಂಗೂನ್ ಜಪಾನಿನ ವಶವಾಯಿತು. ಬರ್ಮಾದಿಂದ ಬರುತ್ತಿದ್ದ ಅಕ್ಕಿ ನಿಂತಿತು. ಜಪಾನಿ ಸೈನ್ಯ ಕರಾವಳಿಯ ಮೂಲಕ ಬಂಗಾಳಕ್ಕೆ ನುಗ್ಗಬಹುದೆಂದು ಭಾವಿಸಿದ ಬ್ರಿಟಿಷ್ ಆಡಳಿತ, ಶತ್ರುವಿಗೆ ಏನೂ ದಕ್ಕಬಾರದೆಂಬ ನೀತಿಯನ್ನು ಜಾರಿಗೆ ತಂದಿತು. ಕರಾವಳಿ ಜಿಲ್ಲೆಗಳಲ್ಲಿ ಹೆಚ್ಚುವರಿ ಎಂದು ಕಂಡ ಅಕ್ಕಿಯನ್ನು ಅಲ್ಲಿಂದ ತೆಗೆಸಲಾಯಿತು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನರನ್ನು ಹೊರಬಲ್ಲ ದೋಣಿಗಳನ್ನು ಸಾವಿರಾರು ಸಂಖ್ಯೆಯಲ್ಲಿ ವಶಪಡಿಸಿಕೊಳ್ಳಲಾಯಿತು ಅಥವಾ ನಾಶಪಡಿಸಲಾಯಿತು. ನದಿಗಳೇ ರಸ್ತೆಗಳಾಗಿರುವ ಆ ಮುಖಜ ಭೂಮಿಯಲ್ಲಿ ದೋಣಿ ಎಂದರೆ ಮೀನುಗಾರನ ಕಸುಬು, ಕುಂಬಾರನ ಸಂತೆ, ದ್ವೀಪದ ಗದ್ದೆಗೆ ಹೋಗುವ ರೈತನ ದಾರಿ, ಒಂದೂರಿನ ಅಕ್ಕಿ ಇನ್ನೊಂದೂರಿಗೆ ತಲುಪುವ ಏಕೈಕ ಬಗೆ. ಅಕ್ಟೋಬರ್‌ನಲ್ಲಿ ಮಿಡ್ನಾಪುರಕ್ಕೆ ಚಂಡಮಾರುತ ಬಡಿಯಿತು. ಯುದ್ಧದ ವೆಚ್ಚದಿಂದ ಬೆಲೆಗಳು ಏರಿದವು. ಕಲ್ಕತ್ತೆಯ ಕಾರ್ಖಾನೆಗಳ ಕೆಲಸಗಾರರು ಮತ್ತು ಸರ್ಕಾರಿ ನೌಕರರು ಯುದ್ಧಪ್ರಯತ್ನಕ್ಕೆ ಅಗತ್ಯವೆಂದು ಅವರಿಗೆ ಆದ್ಯತೆಯ ಮೇಲೆ ಧಾನ್ಯ ಒದಗಿಸಲಾಯಿತು. ಹಳ್ಳಿಯ ಕೂಲಿಗಳು, ಮೀನುಗಾರರು, ಅಂಬಿಗರು ಆ ಪಟ್ಟಿಯಲ್ಲಿ ಇರಲಿಲ್ಲ.

1943ರ ಕ್ಷಾಮದಲ್ಲಿ ಸತ್ತವರ ಸಂಖ್ಯೆಯನ್ನು ಸರ್ಕಾರವೇ ನೇಮಿಸಿದ ವಿಚಾರಣಾ ಆಯೋಗ 15 ಲಕ್ಷವೆಂದು ಅಂದಾಜು ಮಾಡಿತು. ನಂತರದ ಅಧ್ಯಯನಗಳ ಅಂದಾಜು 30 ಲಕ್ಷದವರೆಗೂ ಹೋಗುತ್ತದೆ. ಆಹಾರದ ಒಟ್ಟು ಪ್ರಮಾಣ ಕುಸಿದದ್ದು ಇದಕ್ಕೆ ಮುಖ್ಯ ಕಾರಣವಲ್ಲ, ಕೆಲವು ಕಸುಬುಗಳ ಜನರಿಗೆ ಆಹಾರವನ್ನು ಪಡೆಯುವ ಶಕ್ತಿ ಮತ್ತು ಹಕ್ಕು ಕುಸಿದದ್ದು ಕಾರಣ ಎಂದು ಅಮರ್ತ್ಯ ಸೇನ್ 1981ರಲ್ಲಿ ವಿಶ್ಲೇಷಿಸಿದರು. ಅವರು ಬಾಲಕನಾಗಿ ಆ ಕ್ಷಾಮವನ್ನು ಕಣ್ಣಾರೆ ಕಂಡವರು. ಯಾವ ಕಡಲದಾರಿಗೆ ಹೆದರಿ ದೋಣಿಗಳನ್ನು ನಾಶಮಾಡಲಾಯಿತೋ ಆ ದಾರಿಯಲ್ಲಿ ಜಪಾನಿ ಸೈನ್ಯ ಬರಲೇ ಇಲ್ಲ. 1944ರಲ್ಲಿ ಅದು ಇಂಫಾಲ ಮತ್ತು ಕೊಹಿಮಾ ಕಡೆಯ ಬೆಟ್ಟಗಳ ಮೂಲಕ ಬಂದು ಸೋತು ಹಿಂದಿರುಗಿತು. ಸಾಮ್ರಾಜ್ಯದ ದೃಷ್ಟಿಯಲ್ಲಿ ಬಂಗಾಳ ಭದ್ರವಾಗಿ ಉಳಿಯಿತು. ಬಂಗಾಳ ಎಂದರೆ ಯಾರು ಎಂದು ಕೇಳಿದಾಗ ಮಾತ್ರ ಉತ್ತರ ಬೇರೆಯಾಗುತ್ತದೆ.

ಇದು ವಸಾಹತು ಆಡಳಿತದ ಕಥೆ, ಸ್ವತಂತ್ರ ಪ್ರಜಾಪ್ರಭುತ್ವಕ್ಕೆ ಅನ್ವಯಿಸುವುದಿಲ್ಲ ಎಂದು ಯಾರಾದರೂ ಹೇಳಬಹುದು. ಆ ಪ್ರಮಾಣದಲ್ಲಿ ಅನ್ವಯಿಸುವುದಿಲ್ಲ, ನಿಜ. ಆದರೆ ಪ್ರಶ್ನೆ ಮಾತ್ರ ಉಳಿಯುತ್ತದೆ. ಕಾರವಾರದ ಬಳಿಯ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಕರಾವಳಿಯಿಂದ ಸಾವಿರಾರು ಕುಟುಂಬಗಳು ಎದ್ದು ಹೋಗಬೇಕಾಯಿತು. ದೇಶಕ್ಕೆ ಪಶ್ಚಿಮ ಕರಾವಳಿಯಲ್ಲಿ ಅಂತಹ ನೆಲೆ ಬೇಕಿತ್ತೆಂಬ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನೆಲ ಬಿಟ್ಟ ರೈತನ ಮತ್ತು ದಡ ಬಿಟ್ಟ ಮೀನುಗಾರನ ಬಾಳಿನ ಭದ್ರತೆಯೂ ಭದ್ರತೆಯೇ ಎಂದು ಅದೇ ವಾಕ್ಯದಲ್ಲಿ ಬರೆದಾಗ ಪರಿಹಾರ, ಪುನರ್ವಸತಿ, ಸಮುದ್ರಕ್ಕೆ ಇಳಿಯುವ ಹಕ್ಕು ಇವೆಲ್ಲ ಔದಾರ್ಯದ ವಿಷಯವಾಗಿ ಉಳಿಯದೆ ಭದ್ರತೆಯ ಲೆಕ್ಕದೊಳಗೇ ಬರುತ್ತವೆ.

ಇಲ್ಲಿ ಎದುರು ದಿಕ್ಕಿನ ತಪ್ಪನ್ನೂ ಮಾಡಬಾರದು. ಜನರ ಭದ್ರತೆಯೇ ಮುಖ್ಯ ಎಂದ ಮಾತ್ರಕ್ಕೆ ಪ್ರಭುತ್ವದ ಭದ್ರತೆ ಬರೀ ಸೋಗು ಎಂದು ತೀರ್ಮಾನಿಸುವುದು ಅವಸರದ ಮಾತು. ಉಕ್ರೇನ್ 1994ರಲ್ಲಿ ಬುಡಾಪೆಸ್ಟ್‌ನಲ್ಲಿ ದೊರೆತ ಭರವಸೆಗಳನ್ನು ನಂಬಿ ತನ್ನ ನೆಲದಲ್ಲಿದ್ದ ಅಣ್ವಸ್ತ್ರಗಳನ್ನು ಬಿಟ್ಟುಕೊಟ್ಟಿತು. ಭರವಸೆ ಕೊಟ್ಟ ದೇಶಗಳಲ್ಲಿ ಒಂದಾದ ರಷ್ಯಾ 2022ರ ಫೆಬ್ರುವರಿ 24ರಂದು ಪೂರ್ಣ ಪ್ರಮಾಣದ ದಾಳಿ ನಡೆಸಿದಾಗ ಗಡಿ ಮುರಿದದ್ದರ ನೋವನ್ನು ಉಂಡವರು ಸಾಮಾನ್ಯ ಜನರೇ. ಇನ್ನೊಂದೆಡೆ ಮ್ಯಾನ್ಮಾರ್‌ನ ರೋಹಿಂಗ್ಯಾ ಸಮುದಾಯವಿದೆ. 1982ರ ಪೌರತ್ವ ಕಾನೂನಿನಡಿ ಅವರಲ್ಲಿ ಬಹುಪಾಲು ಜನ ಯಾವ ದೇಶಕ್ಕೂ ಸೇರದವರಾದರು, ಮತ್ತು 2017ರ ಆಗಸ್ಟ್‌ನಿಂದಾಚೆಗೆ 7 ಲಕ್ಷಕ್ಕೂ ಹೆಚ್ಚು ಜನ ಬಾಂಗ್ಲಾದೇಶಕ್ಕೆ ಓಡಿಬಂದರು. ಉಕ್ರೇನಿನ ಜನರಿಗೆ ತಮ್ಮ ಪ್ರಭುತ್ವ ಬಲವಾಗಿರಬೇಕಿತ್ತು. ರೋಹಿಂಗ್ಯಾ ಜನರಿಗೆ ತಮ್ಮದೆನ್ನುವ ಪ್ರಭುತ್ವವೇ ಇರಲಿಲ್ಲ, ಇದ್ದದ್ದು ಅಪಾಯದ ಮೂಲವಾಗಿತ್ತು. ಷಷ್ಠಿಯ ಪ್ರಶ್ನೆಗೆ ಸಿದ್ಧ ಉತ್ತರವಿಲ್ಲದಿರುವುದು ಇದಕ್ಕಾಗಿಯೇ.

ಪಂಚಮಿ: ಯಾವುದರ ದೆಸೆಯಿಂದ?

ಕನ್ನಡ ವ್ಯಾಕರಣದಲ್ಲಿ ತೃತೀಯಾ ವಿಭಕ್ತಿಗೆ ‘ಇಂದ’, ಪಂಚಮಿಗೆ ‘ದೆಸೆಯಿಂದ’ ಎಂದು ಬೇರೆ ಬೇರೆ ಪ್ರತ್ಯಯಗಳನ್ನು ಕಲಿಸುತ್ತಾರೆ. ಆದರೆ ಬಳಕೆಯಲ್ಲಿ ಎರಡಕ್ಕೂ ‘ಇಂದ’ವೇ ಬರುತ್ತದೆ. ಆದ್ದರಿಂದ ‘ಪೊಲೀಸರಿಂದ ರಕ್ಷಣೆ’ ಎಂದರೆ ಪೊಲೀಸರು ಕೊಡುವ ರಕ್ಷಣೆಯೂ ಆಗಬಹುದು, ಪೊಲೀಸರ ದೆಸೆಯಿಂದ ಆಗುವ ಅಪಾಯಕ್ಕೆ ಎದುರಾದ ರಕ್ಷಣೆಯೂ ಆಗಬಹುದು. ಭದ್ರತೆಯ ಅಧ್ಯಯನ ಕಳೆದ ಐವತ್ತು ವರ್ಷಗಳಲ್ಲಿ ಬಹಳ ಶ್ರಮಪಟ್ಟು ಕಂಡುಕೊಂಡ ಒಂದು ಸತ್ಯ ನಮ್ಮ ಭಾಷೆಯ ಈ ಒಂದೇ ಪ್ರತ್ಯಯದಲ್ಲಿ ಅಡಗಿದೆ. ಕಾಯುವವರು ಮತ್ತು ಕಾಡುವವರು ಕೆಲವೊಮ್ಮೆ ಒಬ್ಬರೇ ಆಗಿರುತ್ತಾರೆ. ಹಾಗಾಗಿ ಪ್ರತಿ ಸಲವೂ ಆ ‘ಇಂದ’ವನ್ನು ಎರಡಾಗಿ ಒಡೆದು ಬರೆದುಕೊಳ್ಳಿ.

ಅಪಾಯದ ಮೂಲವನ್ನು ಪಟ್ಟಿ ಮಾಡುವಾಗ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಪ್ರಕಟಿಸಿದ 1994ರ ಮಾನವ ಅಭಿವೃದ್ಧಿ ವರದಿಯಿಂದ ನೆರವು ಪಡೆಯಬಹುದು. ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ಅವರ ಮುಂದಾಳ್ತನದಲ್ಲಿ ಸಿದ್ಧವಾದ ಆ ವರದಿ ಮಾನವ ಭದ್ರತೆ ಎಂಬ ಪರಿಕಲ್ಪನೆಯನ್ನು ಜಗತ್ತಿನ ಮುಂದಿಟ್ಟು, ಆರ್ಥಿಕ, ಆಹಾರ, ಆರೋಗ್ಯ, ಪರಿಸರ, ವೈಯಕ್ತಿಕ, ಸಮುದಾಯ ಮತ್ತು ರಾಜಕೀಯ ಎಂಬ ಏಳು ಮುಖಗಳನ್ನು ಹೆಸರಿಸಿತು. ಈ ಏಳನ್ನು ಅಂಚಿನಲ್ಲಿ ಬರೆದುಕೊಂಡು, ಎದುರಿಗಿರುವ ವರದಿ ಯಾವುದನ್ನು ಹೇಳುತ್ತಿದೆ, ಯಾವುದರ ಬಗ್ಗೆ ಮೌನವಾಗಿದೆ ಎಂದು ನೋಡಬೇಕು. ಮೌನವೇ ಹೆಚ್ಚು ತಿಳಿಸುತ್ತದೆ.

ವೋಲ್ಫರ್ಸ್ ಮಾಡಿದ ಭೇದ ಉಪಯೋಗಕ್ಕೆ ಬರುವುದು ಈ ಹಂತದಲ್ಲಿ. 2019ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಜಾಗತಿಕ ಆರೋಗ್ಯ ಭದ್ರತಾ ಸೂಚ್ಯಂಕದಲ್ಲಿ ಸಾಂಕ್ರಾಮಿಕ ರೋಗವನ್ನು ಎದುರಿಸುವ ಸಿದ್ಧತೆಯಲ್ಲಿ ಅಮೆರಿಕಕ್ಕೆ ಮೊದಲ ಸ್ಥಾನ, ಬ್ರಿಟನ್‌ಗೆ ಎರಡನೆಯ ಸ್ಥಾನ ದೊರೆತಿತ್ತು. ಕೆಲವೇ ತಿಂಗಳಲ್ಲಿ ಕೋವಿಡ್ ಬಂತು, ಮತ್ತು ಅಮೆರಿಕದಲ್ಲಿ ಅದರಿಂದ 10 ಲಕ್ಷಕ್ಕೂ ಹೆಚ್ಚು ಜನ ಸತ್ತರು. ಪ್ರಯೋಗಾಲಯಗಳು, ತಜ್ಞರು, ಹಣ ಎಲ್ಲವೂ ಇದ್ದವು. ವಿಮೆಯಿಲ್ಲದ ಕಾರ್ಮಿಕ ಜ್ವರ ಬಂದರೂ ಕೆಲಸಕ್ಕೆ ಹೋಗಬೇಕಾದ ಸ್ಥಿತಿ, ನಾಯಕರ ಮತ್ತು ತಜ್ಞರ ನಡುವಿನ ಅಪನಂಬಿಕೆ ಇವನ್ನು ಅಳೆಯುವಲ್ಲಿ ಆ ಅಂಕಿ ಸೋತಿತ್ತು. ಅಪಾಯವಿದ್ದೂ ಭಯವಿಲ್ಲದ ಸ್ಥಿತಿ ಎಂದರೆ ಇದು.

ತೃತೀಯಾ: ಯಾವ ಸಾಧನದಿಂದ?

ಸಾಧನದ ಪ್ರಶ್ನೆಯಲ್ಲಿ ಒಂದು ತತ್ವವನ್ನು ಅರಿತರೆ ಸಾಕು. ನಾನು ನನ್ನ ರಕ್ಷಣೆಗೆಂದು ಮಾಡಿದ ಸಿದ್ಧತೆ ನೆರೆಯವನ ಕಣ್ಣಿಗೆ ದಾಳಿಯ ಸಿದ್ಧತೆಯಂತೆ ಕಾಣುತ್ತದೆ; ಅವನೂ ಸಿದ್ಧನಾಗುತ್ತಾನೆ; ಕೊನೆಗೆ ಇಬ್ಬರ ಬಳಿಯೂ ಹೆಚ್ಚು ಆಯುಧ, ಇಬ್ಬರಲ್ಲೂ ಹೆಚ್ಚು ಭಯ. ಇದನ್ನು ಜಾನ್ ಹರ್ಟ್ಸ್ 1950ರಲ್ಲಿ ಭದ್ರತೆಯ ಇಕ್ಕಟ್ಟು ಎಂದು ಕರೆದರು. 1998ರ ಮೇ 11 ಮತ್ತು 13ರಂದು ಭಾರತ ಪೋಖ್ರಾನ್‌ನಲ್ಲಿ ಅಣುಪರೀಕ್ಷೆ ನಡೆಸಿತು. ಅದೇ ತಿಂಗಳ 28 ಮತ್ತು 30ರಂದು ಪಾಕಿಸ್ತಾನ ಬಲೂಚಿಸ್ತಾನದಲ್ಲಿ ಪರೀಕ್ಷೆ ನಡೆಸಿತು. ಎರಡೂ ದೇಶಗಳು ಹೇಳಿದ್ದು ಆತ್ಮರಕ್ಷಣೆಯ ಮಾತನ್ನೇ. ಮರುವರ್ಷವೇ ಕಾರ್ಗಿಲ್ ಯುದ್ಧವಾಯಿತು.

ಸ್ವೀಡನ್ನಿನ ಓಲಾಫ್ ಪಾಲ್ಮೆ ಅಧ್ಯಕ್ಷತೆಯ ಆಯೋಗ 1982ರಲ್ಲಿ ಕೊಟ್ಟ ವರದಿ ಈ ಇಕ್ಕಟ್ಟಿಗೆ ಉತ್ತರವಾಗಿ ಸಮಾನ ಭದ್ರತೆ ಎಂಬ ಆಲೋಚನೆಯನ್ನು ಮುಂದಿಟ್ಟಿತು. ಅಣ್ವಸ್ತ್ರಗಳ ಕಾಲದಲ್ಲಿ ಎದುರಾಳಿಯ ವಿರುದ್ಧ ಭದ್ರತೆಯನ್ನು ಗಳಿಸಲಾಗದು, ಅವನೊಂದಿಗೆ ಸೇರಿಯೇ ಗಳಿಸಬೇಕು ಎಂಬುದು ಅದರ ಸಾರ. ಆಗ ಅದು ಆದರ್ಶದ ಮಾತಿನಂತೆ ಕೇಳಿಸಿತು. ಐದು ವರ್ಷಗಳ ನಂತರ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಮಧ್ಯಮ ವ್ಯಾಪ್ತಿಯ ಕ್ಷಿಪಣಿಗಳನ್ನು ತೆಗೆದುಹಾಕುವ ಒಪ್ಪಂದಕ್ಕೆ ಸಹಿ ಹಾಕಿದವು. ಆ ಒಪ್ಪಂದ 2019ರಲ್ಲಿ ಕೊನೆಗೊಂಡಿತು. ಸ್ಟಾಕ್‌ಹೋಮಿನ ಶಾಂತಿ ಸಂಶೋಧನಾ ಸಂಸ್ಥೆ ಸಿಪ್ರಿಯ ಲೆಕ್ಕದಂತೆ 2024ರಲ್ಲಿ ಜಗತ್ತಿನ ಸೇನಾವೆಚ್ಚ 2.7 ಲಕ್ಷ ಕೋಟಿ ಡಾಲರ್ ದಾಟಿದೆ. ಈ ಹಣದಿಂದ ಯಾರ ಭಯ ಎಷ್ಟು ಕಡಿಮೆಯಾಯಿತು ಎಂಬ ಪ್ರಶ್ನೆಯನ್ನು ಪ್ರತಿ ರಕ್ಷಣಾ ಬಜೆಟ್ ಸುದ್ದಿಯ ಪಕ್ಕದಲ್ಲೂ ಬರೆದಿಡಬೇಕು.

ಪ್ರಥಮಾ: ಹೇಳುತ್ತಿರುವವರು ಯಾರು?

ಡೆನ್ಮಾರ್ಕಿನ ವಿದ್ವಾಂಸ ಓಲೆ ವೇವರ್ ಭದ್ರತೆಯನ್ನು ಒಂದು ವಸ್ತುವೆಂದು ನೋಡುವುದಕ್ಕಿಂತ ಒಂದು ಉಚ್ಚಾರಣೆಯೆಂದು ನೋಡಿದರು. ಅಧಿಕಾರದಲ್ಲಿರುವ ಯಾರಾದರೂ ಒಂದು ವಿಷಯವನ್ನು ‘ಇದು ನಮ್ಮ ಅಳಿವು ಉಳಿವಿನ ಪ್ರಶ್ನೆ’ ಎಂದು ಘೋಷಿಸಿ, ಕೇಳುಗರು ಅದನ್ನು ಒಪ್ಪಿಕೊಂಡರೆ, ಆ ವಿಷಯ ದೈನಂದಿನ ರಾಜಕಾರಣದ ಚರ್ಚೆ, ಮತದಾನ, ನ್ಯಾಯಾಲಯಗಳನ್ನು ದಾಟಿ ತುರ್ತುಕ್ರಮದ ವಲಯಕ್ಕೆ ಹೋಗುತ್ತದೆ. 2003ರಲ್ಲಿ ಇರಾಕ್‌ನಲ್ಲಿ ಸಾಮೂಹಿಕ ವಿನಾಶದ ಅಸ್ತ್ರಗಳಿವೆ ಎಂಬ ಘೋಷಣೆಯ ಮೇಲೆ ಯುದ್ಧವೇ ನಡೆಯಿತು, ಅಸ್ತ್ರಗಳು ಸಿಗಲಿಲ್ಲ.

ಈ ಹಂತದಲ್ಲಿ ಹೊಸಬರು ಬಹಳ ಎಡವುತ್ತಾರೆ. ಹಸಿವು, ರೋಗ, ಹವಾಮಾನ ಇವಕ್ಕೆಲ್ಲ ಭದ್ರತೆಯ ಪಟ್ಟ ಕಟ್ಟಿದರೆ ಅವುಗಳ ಮಹತ್ವ ಹೆಚ್ಚುತ್ತದೆ, ಆದ್ದರಿಂದ ಎಲ್ಲವನ್ನೂ ಭದ್ರತೆಯೆಂದೇ ಕರೆಯೋಣ ಎಂಬ ಉತ್ಸಾಹ ಅವರಲ್ಲಿ ಕಾಣುತ್ತದೆ. ಪದದ ಹಿಂದೆ ಹಣ ಬರುತ್ತದೆ, ನಿಜ. ಬಂದೂಕು ಕೂಡ ಬರುತ್ತದೆ. ಇವೆರಡನ್ನೂ ಒಂದೇ ರೋಗದಲ್ಲಿ ಕಾಣಬೇಕೆಂದರೆ 2014ರ ಪಶ್ಚಿಮ ಆಫ್ರಿಕವನ್ನು ನೋಡಬೇಕು. ಎಬೋಲಾ ಹರಡುತ್ತಿದ್ದಾಗ ಸೆಪ್ಟೆಂಬರ್ 18ರಂದು ಭದ್ರತಾ ಮಂಡಳಿ ಅದನ್ನು ಅಂತಾರಾಷ್ಟ್ರೀಯ ಶಾಂತಿ ಮತ್ತು ಭದ್ರತೆಗೆ ಒದಗಿದ ಅಪಾಯವೆಂದು ನಿರ್ಣಯಿಸಿತು. ಆ ನಿರ್ಣಯವನ್ನು 130ಕ್ಕೂ ಹೆಚ್ಚು ದೇಶಗಳು ಸಹಪ್ರಾಯೋಜಿಸಿದವು. ತಿಂಗಳುಗಟ್ಟಲೆ ನಿಧಾನವಾಗಿದ್ದ ನೆರವು ಚುರುಕಾಯಿತು. ಅದಕ್ಕೆ ಒಂದು ತಿಂಗಳ ಹಿಂದೆ, ಲೈಬೀರಿಯದ ರಾಜಧಾನಿ ಮನ್ರೋವಿಯದಲ್ಲಿ ವೆಸ್ಟ್ ಪಾಯಿಂಟ್ ಎಂಬ ಬಡವರ ಬಡಾವಣೆಯನ್ನು ಸೈನಿಕರು ಮತ್ತು ಪೊಲೀಸರು ಸುತ್ತುವರಿದು, ಹತ್ತಾರು ಸಾವಿರ ಜನರನ್ನು ಒಳಗೇ ಕೂಡಿಹಾಕಿದ್ದರು. ಪ್ರತಿಭಟಿಸಿದವರ ಮೇಲೆ ಗುಂಡು ಹಾರಿ ಒಬ್ಬ ಹದಿಹರೆಯದ ಹುಡುಗ ಸತ್ತ. ಹತ್ತು ದಿನಗಳ ನಂತರ ದಿಗ್ಬಂಧನವನ್ನು ತೆಗೆಯಲಾಯಿತು. ಜನರನ್ನು ರೋಗದಿಂದ ಕಾಯಬೇಕೆಂಬ ಮಾತು ಬೀದಿಗೆ ಇಳಿಯುವಷ್ಟರಲ್ಲಿ, ಉಳಿದ ನಗರವನ್ನು ಆ ಜನರಿಂದ ಕಾಯಬೇಕೆಂಬ ಮಾತಾಗಿತ್ತು. ‘ಇಂದ’ ಪ್ರತ್ಯಯ ಒಂದು ಪದದಿಂದ ಇನ್ನೊಂದಕ್ಕೆ ಜಿಗಿಯುವ ಕ್ಷಣವನ್ನು ಹಿಡಿಯುವುದೇ ಈ ಓದಿನ ಅತ್ಯಂತ ಕಷ್ಟದ, ಅತ್ಯಂತ ಅಗತ್ಯದ ಭಾಗವೆಂದು ನಾನು ಭಾವಿಸುತ್ತೇನೆ.

ಹವಾಮಾನದ ವಿಷಯದಲ್ಲಿ ಇದೇ ಪ್ರಶ್ನೆ ಇಂದಿಗೂ ಬಗೆಹರಿದಿಲ್ಲ. ಪೆಸಿಫಿಕ್ ದ್ವೀಪರಾಷ್ಟ್ರಗಳು 2018ರಲ್ಲಿ ನೌರುವಿನಲ್ಲಿ ಹೊರಡಿಸಿದ ಬೋ ಘೋಷಣೆಯಲ್ಲಿ ತಮ್ಮ ಜನರ ಜೀವನೋಪಾಯ, ಭದ್ರತೆ ಮತ್ತು ಯೋಗಕ್ಷೇಮಕ್ಕೆ ಹವಾಮಾನ ಬದಲಾವಣೆಯೇ ಏಕೈಕ ಅತಿ ದೊಡ್ಡ ಅಪಾಯವೆಂದು ಸಾರಿದವು. ತುವಾಲುವಿನಂತಹ ದೇಶಕ್ಕೆ ಇದು ಅಲಂಕಾರದ ಮಾತಲ್ಲ. ಅದರ ನೆಲ ಸಮುದ್ರಮಟ್ಟಕ್ಕಿಂತ ಕೆಲವೇ ಅಡಿ ಎತ್ತರದಲ್ಲಿದೆ, ಅದರ ಮೇಲೆ ದಾಳಿ ಮಾಡುವ ಸೈನ್ಯ ಯಾವುದೂ ಇಲ್ಲ, ಆದರೂ ಆ ನೆಲ ಇಲ್ಲವಾಗಬಹುದು. 2021ರ ಡಿಸೆಂಬರ್ 13ರಂದು ಐರ್ಲೆಂಡ್ ಮತ್ತು ನೈಜರ್ ದೇಶಗಳು ಹವಾಮಾನವನ್ನು ಭದ್ರತಾ ಮಂಡಳಿಯ ಕಾರ್ಯಸೂಚಿಗೆ ವ್ಯವಸ್ಥಿತವಾಗಿ ಸೇರಿಸುವ ಕರಡು ನಿರ್ಣಯವನ್ನು ಮಂಡಿಸಿದಾಗ 12 ಸದಸ್ಯರು ಪರವಾಗಿ ಮತ ಹಾಕಿದರು, ರಷ್ಯಾ ವೀಟೊ ಚಲಾಯಿಸಿತು, ಚೀನಾ ತಟಸ್ಥವಾಯಿತು, ಭಾರತ ವಿರುದ್ಧ ಮತ ಹಾಕಿತು. ಎಲ್ಲ ದೇಶಗಳಿಗೂ ಧ್ವನಿಯಿರುವ ಹವಾಮಾನ ಒಪ್ಪಂದದ ವೇದಿಕೆಯಿಂದ ವಿಷಯವನ್ನು ಐದು ದೇಶಗಳಿಗೆ ವೀಟೊ ಇರುವ ಕೊಠಡಿಗೆ ಸಾಗಿಸಿದರೆ, ಹೆಚ್ಚು ಹೊಗೆ ಉಗುಳಿದವರ ಹೊಣೆ ಮರೆಯಾಗಿ ಬಡ ದೇಶಗಳ ಮೇಲೆ ನಿಗಾ ಇಡುವುದಷ್ಟೇ ಉಳಿಯುತ್ತದೆ ಎಂಬ ಆತಂಕ ಭಾರತದ ನಿಲುವಿನ ಹಿಂದಿತ್ತು. ಆ ಆತಂಕಕ್ಕೆ ಆಧಾರವಿದೆ ಎಂದೇ ನನ್ನ ಅಭಿಪ್ರಾಯ. ಹಾಗೆಂದು ತುವಾಲುವಿನ ಅಳಲಿಗೆ ಆ ಮತ ಉತ್ತರವಾಗಲಿಲ್ಲ ಎಂಬುದೂ ಅಷ್ಟೇ ನಿಜ.

ಒಂದು ವಿಷಯಕ್ಕೆ ಭದ್ರತೆಯ ಹೆಸರಿಡಬೇಕೆ ಎಂದು ಸಂಶಯ ಬಂದಾಗ ನಾನು ಬಳಸುವ ಪರೀಕ್ಷೆ ಸರಳವಾದದ್ದು. ಆ ಸ್ಥಾನದಲ್ಲಿ ‘ಕ್ಷೇಮ’ ಎಂಬ ಪದವನ್ನು ಇಟ್ಟು ನೋಡುತ್ತೇನೆ. ಹಿಂದೆ ನಮ್ಮ ಹಿರಿಯರ ಕಾಗದಗಳು ‘ನಾವೆಲ್ಲರೂ ಕ್ಷೇಮ, ನಿಮ್ಮ ಕ್ಷೇಮ ಸಮಾಚಾರಕ್ಕೆ ಬರೆಯಿರಿ’ ಎಂದು ಆರಂಭವಾಗುತ್ತಿದ್ದವು. ಆ ಪದದಲ್ಲಿ ಎದುರಿನವರ ಕುಶಲವೂ ಸೇರಿಯೇ ಇರುತ್ತದೆ, ಶತ್ರುವಿನ ನೆರಳು ಇರುವುದಿಲ್ಲ. ಕ್ಷೇಮ ಎಂದಾಗಲೂ ವಾಕ್ಯ ನಿಂತರೆ ಭದ್ರತೆ ಎನ್ನುವ ಅಗತ್ಯವಿಲ್ಲ. ಅಲ್ಲಿ ವೈದ್ಯ, ಶಿಕ್ಷಕ, ಪಡಿತರದ ಅಂಗಡಿ ಸಾಕು. ನಿಲ್ಲದಿದ್ದರೆ ಮಾತ್ರ ಅಲ್ಲಿ ನಿಜವಾಗಿಯೂ ಯಾರನ್ನೋ ತಡೆಯುವ ಮಾತಿದೆ ಎಂದು ತಿಳಿದು ಎಚ್ಚರವಾಗುತ್ತೇನೆ.

ಚತುರ್ಥಿ: ಹೊರೆ ಯಾರಿಗೆ? ಒಂದು ಅಭ್ಯಾಸ

ಕೊನೆಯ ಪ್ರಶ್ನೆಯನ್ನು ಒಂದು ಪೂರ್ಣ ಉದಾಹರಣೆಯ ಮೇಲೆ ಮಾಡಿ ನೋಡೋಣ. 2023ರ ಜುಲೈ 20ರಂದು ಭಾರತ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ‘ದೇಶದ ಆಹಾರ ಭದ್ರತೆಗಾಗಿ ಅಕ್ಕಿ ರಫ್ತು ನಿಷೇಧ’ ಎಂಬ ಶೀರ್ಷಿಕೆ ನಮ್ಮ ಮುಂದಿದೆ ಎಂದುಕೊಳ್ಳಿ.

ಯಾರ ಭದ್ರತೆ? ಭಾರತದ ಬಳಕೆದಾರರದು. ಯಾವುದರ ದೆಸೆಯಿಂದ? ಏರುತ್ತಿದ್ದ ಬೆಲೆ ಮತ್ತು ಅನಿಶ್ಚಿತ ಮುಂಗಾರಿನ ದೆಸೆಯಿಂದ. ಸಾಧನ? ವ್ಯಾಪಾರವನ್ನು ತಡೆಯುವುದು. ಹೇಳಿದವರು? ಕೇಂದ್ರ ಸರ್ಕಾರ. ಇಲ್ಲಿಯವರೆಗೆ ಎಲ್ಲವೂ ಸಮಂಜಸವಾಗಿ ಕಾಣುತ್ತದೆ, ಸರ್ಕಾರಕ್ಕೆ ತನ್ನ ಜನರ ಊಟದ ಹೊಣೆ ಮೊದಲು ಇರಬೇಕಾದದ್ದೂ ಸರಿ. ಈಗ ಚತುರ್ಥಿಗೆ ಬನ್ನಿ. ಆಗ ಜಗತ್ತಿನ ಅಕ್ಕಿ ರಫ್ತಿನಲ್ಲಿ ಭಾರತದ ಪಾಲು ಸುಮಾರು ಶೇ 40. ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ಅಕ್ಕಿ ಬೆಲೆ ಸೂಚ್ಯಂಕ 15 ವರ್ಷಗಳಲ್ಲೇ ಅತಿ ಎತ್ತರಕ್ಕೆ ಏರಿತು. ಅಕ್ಕಿಯನ್ನು ಕೊಂಡೇ ಉಣ್ಣುವ ಪಶ್ಚಿಮ ಆಫ್ರಿಕದ ಮನೆಗಳಿಗೆ ಆ ಹೊರೆ ಹೋಯಿತು. ಒಳಗೆ ನೋಡಿದರೆ, ಅದಕ್ಕೆ ಒಂದು ತಿಂಗಳ ಮೊದಲು ರಾಜ್ಯ ಸರ್ಕಾರಗಳಿಗೆ ಮುಕ್ತ ಮಾರುಕಟ್ಟೆ ಯೋಜನೆಯಡಿ ಅಕ್ಕಿ ಮಾರುವುದನ್ನೂ ಕೇಂದ್ರ ನಿಲ್ಲಿಸಿತ್ತು. ಅನ್ನಭಾಗ್ಯ ಯೋಜನೆಯಲ್ಲಿ ತಲೆಗೆ ಹೆಚ್ಚುವರಿ 5 ಕಿಲೋ ಅಕ್ಕಿ ಕೊಡುವುದಾಗಿ ಹೇಳಿದ್ದ ಕರ್ನಾಟಕ ಸರ್ಕಾರ ಅಕ್ಕಿ ಸಿಗದೆ, ಜುಲೈನಿಂದ ಕಿಲೋಗೆ 34 ರೂಪಾಯಿಯಂತೆ ಹಣವನ್ನೇ ಖಾತೆಗೆ ಹಾಕಿತು. ದೇಶದ ಆಹಾರ ಭದ್ರತೆ, ಕರ್ನಾಟಕದ ಪಡಿತರ ಚೀಟಿದಾರರ ಆಹಾರ ಭದ್ರತೆ, ಪಶ್ಚಿಮ ಆಫ್ರಿಕದ ಕುಟುಂಬದ ಆಹಾರ ಭದ್ರತೆ ಈ ಮೂರೂ ಒಂದೇ ಮಳೆಗಾಲದಲ್ಲಿ ಒಂದರ ಎದುರು ಒಂದು ನಿಂತಿದ್ದವು. ಮತ್ತು ರಫ್ತು ನಿಂತಾಗ ಒಳ್ಳೆಯ ಬೆಲೆ ಕಳೆದುಕೊಂಡ ಭತ್ತದ ಬೆಳೆಗಾರನ ಲೆಕ್ಕ ನಾಲ್ಕನೆಯದು. 2024ರ ಸೆಪ್ಟೆಂಬರ್‌ನಲ್ಲಿ ನಿಷೇಧವನ್ನು ತೆಗೆಯಲಾಯಿತು.

ನಿಷೇಧ ತಪ್ಪು ಎಂಬ ತೀರ್ಪು ಈ ಅಭ್ಯಾಸದಿಂದ ತಾನಾಗಿ ಹೊರಡುವುದಿಲ್ಲ. ಅದಕ್ಕೆ ದಾಸ್ತಾನಿನ ಪ್ರಮಾಣ, ಮಳೆಯ ಅಂದಾಜು, ಬದಲಿ ದಾರಿಗಳು ಇವನ್ನೆಲ್ಲ ತೂಗಬೇಕು. ಆದರೆ ತೂಗುವ ಮೊದಲು ತಕ್ಕಡಿಯಲ್ಲಿ ಯಾರ್ಯಾರು ಇದ್ದಾರೆಂದು ಗೊತ್ತಿರಬೇಕು. ಆ ಶೀರ್ಷಿಕೆಯನ್ನು ಸುದ್ದಿಮನೆಯಲ್ಲಿ ಕುಳಿತು ನಾನೇ ತಿದ್ದಬೇಕಾಗಿದ್ದರೆ ಹೀಗೆ ಬರೆಯುತ್ತಿದ್ದೆ: ‘ದೇಶದೊಳಗೆ ಅಕ್ಕಿ ಬೆಲೆ ತಡೆಯಲು ಕೇಂದ್ರದಿಂದ ರಫ್ತು ನಿಷೇಧ, ಆಮದು ನಂಬಿದ ಬಡ ದೇಶಗಳಿಗೆ, ಭತ್ತದ ಬೆಳೆಗಾರರಿಗೆ ಹೊರೆ.’ ಶೀರ್ಷಿಕೆ ಉದ್ದವಾಯಿತು, ಭದ್ರತೆ ಎಂಬ ಪದ ಬಿಟ್ಟುಹೋಯಿತು, ವಿಭಕ್ತಿಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಬಂದವು. ನಾಳೆಯ ಪತ್ರಿಕೆಯಿಂದ ಇಂಥದೊಂದು ಶೀರ್ಷಿಕೆಯನ್ನು ಆರಿಸಿ ಇದೇ ರೀತಿ ತಿದ್ದಿ ಬರೆಯಿರಿ. ಮೊದಲ ಸಲ ಅರ್ಧ ಗಂಟೆ ಹಿಡಿಯುತ್ತದೆ, ಹತ್ತನೆಯ ಸಲ ಎರಡು ನಿಮಿಷ.